ಗಾಜಿನ ಆಚೆಯ ಮಾತು: ಸ್ಟುಡಿಯೋದ ಹೆಡ್‌ಫೋನ್, ಟಾಕ್‌ಬ್ಯಾಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಬಿ.ಎಚ್. ರಸ್ತೆಯಿಂದ ಎರಡು ಬೀದಿ ಒಳಗೆ, ಮಹಡಿ ಮೇಲೆ ನಮ್ಮದೊಂದು ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋ. ಹಾಡುವ ಕೋಣೆ ಒಂದು, ಕಂಟ್ರೋಲ್ ರೂಮ್ ಒಂದು, ನಡುವೆ ಎರಡು ಪದರದ ಗಾಜು. ಜಾತ್ರೆ ಹಾಡು, ಭಜನೆ, ಭಾವಗೀತೆ, ಚುನಾವಣೆ ಬಂದರೆ ಪ್ರಚಾರದ ಹಾಡು, ಎಲ್ಲವೂ ಇಲ್ಲಿಗೆ ಬರುತ್ತವೆ. ಬಂದವರು ಟೀ ಕುಡಿಯುವಾಗ ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಮನೆಯಲ್ಲೇ ಸ್ಟುಡಿಯೋ ಕಟ್ಟುತ್ತಿರುವ ಹುಡುಗರು ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಮೊದಲ ಭಾಗ ಹಾಡುವವರಿಗೆ, ಕೊನೆಯ ಭಾಗ ಗುಂಡಿ ತಿರುಗಿಸುವವರಿಗೆ.

## ಮೊದಲ ಸಲ ಬರುವವರಿಗೆ

"ಸಾರ್, ಗಾಜಿನ ಆಚೆ ನೀವೆಲ್ಲ ಬಾಯಿ ಆಡಿಸ್ತಿರ್ತೀರಿ. ನಮಗೆ ಯಾಕೆ ಏನೂ ಕೇಳಿಸಲ್ಲ?"

ಕೇಳಿಸಬಾರದು ಅಂತಲೇ ಆ ಗಾಜು ಇರುವುದು. ನಿಮ್ಮ ಮುಂದಿರುವ ಮೈಕ್ ಬಲು ಸೂಕ್ಷ್ಮ. ನನ್ನ ಕುರ್ಚಿ ಕಿರ್ ಎಂದರೂ ಹಿಡಿದುಬಿಡುತ್ತದೆ. ನಿಮ್ಮ ಜೊತೆ ಮಾತಾಡಬೇಕಾದಾಗ ನಾನು ಒಂದು ಗುಂಡಿ ಒತ್ತುತ್ತೇನೆ. ಆಗ ನನ್ನ ಹತ್ತಿರದ ಪುಟ್ಟ ಮೈಕ್ ಆನ್ ಆಗಿ ನನ್ನ ದನಿ ನಿಮ್ಮ ಹೆಡ್‌ಫೋನಿಗೆ ಬರುತ್ತದೆ. ಇದೇ ಟಾಕ್‌ಬ್ಯಾಕ್. ಬೆರಳು ತೆಗೆದರೆ ದಾರಿ ಮುಚ್ಚಿತು.

ಗುಂಡಿ ಒತ್ತಿದಾಗ ನಮ್ಮ ಕಡೆಯ ಸ್ಪೀಕರ್ ತಾನಾಗಿ ಸಣ್ಣದಾಗುತ್ತದೆ. ಇದಕ್ಕೆ ಡಿಮ್ ಅನ್ನುತ್ತಾರೆ. ಅದಿಲ್ಲದಿದ್ದರೆ ಸ್ಪೀಕರಿನ ಸದ್ದು ನನ್ನ ಮೈಕಿಗೆ ಹೊಕ್ಕು, ನಿಮ್ಮ ಹೆಡ್‌ಫೋನಿಂದ ಸೋರಿ, ನಿಮ್ಮ ಮೈಕ್ ಮೂಲಕ ಮತ್ತೆ ನಮ್ಮ ಸ್ಪೀಕರಿಗೇ ಬಂದು ಕುಯ್ಯೋ ಅಂತ ಕೂಗಿಬಿಡುತ್ತದೆ.

"ನಾವು ಮಾತಾಡಿದ್ದು ನಿಮಗೆ ಯಾವಾಗಲೂ ಕೇಳಿಸುತ್ತಾ?"

ಕೇಳಿಸುತ್ತದೆ. ನಿಮ್ಮ ಮುಂದಿನ ಮೈಕ್ ದಿನವಿಡೀ ಆನ್ ಇರುತ್ತದೆ. "ಈ ಯಪ್ಪಂಗೆ ಇನ್ನೆಷ್ಟು ಸಲ ಹಾಡಬೇಕೋ" ಅಂತ ಪಕ್ಕದವರಿಗೆ ಪಿಸುಗುಟ್ಟಿದ್ದೂ ಕೇಳಿಸುತ್ತದೆ. ಬೇಜಾರೇನಿಲ್ಲ, ನಗು ಬರುತ್ತದೆ ಅಷ್ಟೆ.

"ಹೆಡ್‌ಫೋನ್ ಹಾಕ್ಕೊಂಡೇ ಹಾಡಬೇಕಾ? ನನ್ನ ದನಿ ನನ್ನದೇ ಅಲ್ಲ ಅನ್ನಿಸುತ್ತೆ."

ಅದು ಎಲ್ಲರಿಗೂ ಅನ್ನಿಸುವುದೇ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯಲ್ಲಿ ಬರುವುದರ ಜೊತೆಗೆ ತಲೆಬುರುಡೆಯ ಮೂಳೆಯೊಳಗಿಂದಲೂ ಕಿವಿಗೆ ತಲುಪುತ್ತದೆ. ಮೂಳೆಯಿಂದ ಬರುವುದು ತುಸು ದಪ್ಪ. ಕಿವಿ ಮುಚ್ಚಿದರೆ ಆ ದಪ್ಪ ದನಿ ಇನ್ನೂ ಜಾಸ್ತಿಯಾಗುತ್ತದೆ. ಅದರ ಮೇಲೆ ಮೈಕ್ ಹಿಡಿದ ತೆಳು ದನಿ ಬಂದು ಕೂರುತ್ತದೆ. ಎರಡೂ ಸೇರಿ ಯಾರೋ ಬೇರೆಯವರ ದನಿ ಅನ್ನಿಸುತ್ತದೆ.

ಒಂದು ಕಿವಿ ತೆಗೆದು ಹಾಡಿ. ದೊಡ್ಡ ದೊಡ್ಡ ಹಾಡುಗಾರರೂ ಹಾಗೇ ಮಾಡುತ್ತಾರೆ. ಆದರೆ ತೆಗೆದ ಕಡೆಯ ಬಟ್ಟಲನ್ನು ಕೆನ್ನೆಗೋ ಕಿವಿಯ ಹಿಂದಕ್ಕೋ ಒತ್ತಿಕೊಂಡಿರಲಿ, ಗಾಳಿಗೆ ಬಿಟ್ಟರೆ ಅದರ ಸದ್ದು ಮೈಕಿಗೆ ಹೋಗುತ್ತದೆ. ಯಾವ ಕಿವಿ ತೆಗೆಯುತ್ತೀರಿ ಅಂತ ಮೊದಲೇ ಹೇಳಿ, ಆ ಕಡೆಯದನ್ನು ನಾನೇ ಬಂದ್ ಮಾಡುತ್ತೇನೆ.

"ಏನು ಜಾಸ್ತಿ ಬೇಕು ಅಂತ ಕೇಳ್ತೀರಿ. ನನಗೆ ಏನಂತ ಹೇಳೋದು ಗೊತ್ತಾಗಲ್ಲ."

ತಾಂತ್ರಿಕ ಪದ ಯಾವುದೂ ಬೇಡ. "ಶ್ರುತಿ ಸಾಲದು", "ತಬಲಾ ತಲೆ ಮೇಲೆ ಕೂತಿದೆ", "ನನ್ನ ದನಿ ಬಾವಿಯೊಳಗಿಂದ ಬಂದಂಗಿದೆ" ಅಂದರೆ ಸಾಕು. ಒಬ್ಬ ಅಜ್ಜಿ ಸೋಬಾನೆ ಹಾಡಲು ಬಂದಾಗ "ಮಗಾ, ನನ್ ಕಿವೀಲಿ ಹಬ್ಬ ಆಗ್ತೈತೆ" ಅಂದರು. ಕೀಬೋರ್ಡ್, ರಿದಮ್ ಪ್ಯಾಡ್ ಎರಡನ್ನೂ ತೆಗೆದು ಬರೀ ಹಾರ್ಮೋನಿಯಂ ಬಿಟ್ಟೆ. ಮೊದಲ ಸಲಕ್ಕೇ ಹಾಡಿ ಮುಗಿಸಿದರು.

ಒಂದು ಉಪಾಯ ಹೇಳುತ್ತೇನೆ. ಯಾವುದನ್ನಾದರೂ ಜಾಸ್ತಿ ಮಾಡಿ ಅನ್ನುವ ಮೊದಲು, ಯಾವುದು ಕಮ್ಮಿಯಾದರೆ ಸಾಕು ಅಂತ ಯೋಚಿಸಿ. ಎಲ್ಲವನ್ನೂ ಏರಿಸುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ, ಆಮೇಲೆ ಏನು ಕೊಟ್ಟರೂ ಸಾಲುವುದಿಲ್ಲ.

ಹಾಡುವಾಗ ಮಧ್ಯೆ ನಿಲ್ಲಿಸಿ ಹೇಳಲು ಮುಜುಗರವಾದರೆ ಕೈ ಸನ್ನೆ ಇದೆಯಲ್ಲ. ಬೆರಳು ಮೇಲೆ ತೋರಿಸಿದರೆ ಜಾಸ್ತಿ, ಕೆಳಗೆ ತೋರಿಸಿದರೆ ಕಮ್ಮಿ. ಎದೆ ಮುಟ್ಟಿಕೊಂಡರೆ ನಿಮ್ಮ ದನಿ, ಕಿವಿ ಮುಟ್ಟಿಕೊಂಡರೆ ಶ್ರುತಿ. ಗಾಜು ಇರುವುದು ನೋಡುವುದಕ್ಕೂ ತಾನೇ.

## ಹೆಡ್‌ಫೋನ್ ಒಳಗೆ ಏನಿರಬೇಕು?

"ಮನೆಯಲ್ಲಿ ಸರಿಯಾಗಿ ಹಾಡ್ತೀನಿ. ಸ್ಟುಡಿಯೋದಲ್ಲಿ ಶ್ರುತಿ ಜಾರುತ್ತೆ. ಯಾಕೆ?"

ಹತ್ತರಲ್ಲಿ ಏಳೆಂಟು ಸಲ ತಪ್ಪು ಹೆಡ್‌ಫೋನಿನದು, ಅಂದರೆ ನಮ್ಮದು. ಕಿವಿಯಲ್ಲಿ ನಿಮ್ಮದೇ ದನಿ ಜೋರಾಗಿದ್ದರೆ ನಿಮಗೆ ಗೊತ್ತಿಲ್ಲದಂತೆ ಮೆಲ್ಲಗೆ ಹಾಡುತ್ತೀರಿ. ಉಸಿರಿನ ಬಲ ಕುಗ್ಗುತ್ತದೆ, ಸ್ವರ ಕೆಳಗಿಳಿಯುತ್ತದೆ. ಪಕ್ಕವಾದ್ಯ ಜೋರಾಗಿದ್ದರೆ ಅದರ ಮೇಲೆ ಕೂಗಿ ಹಾಡುತ್ತೀರಿ. ಗಂಟಲು ಬಿಗಿಯುತ್ತದೆ, ಸ್ವರ ಮೇಲಕ್ಕೆ ಏರುತ್ತದೆ. ಹಾಗಾಗಿ ಹಾಡುಗಾರರು ಜಾರಿದಾಗ ನಾನು ಅವರಿಗೆ ಹೇಳುವುದಕ್ಕೆ ಮೊದಲು ನನ್ನ ಗುಂಡಿಗಳನ್ನು ನೋಡಿಕೊಳ್ಳುತ್ತೇನೆ. "ಅಮ್ಮಾ, ಶ್ರುತಿ ಕಮ್ಮಿ ಆಗ್ತಿದೆ" ಅಂದುಬಿಟ್ಟರೆ ಅವರು ಹೆದರಿ ಇನ್ನಷ್ಟು ಜಾರುತ್ತಾರೆ. ಏನೂ ಹೇಳದೆ ಅವರ ದನಿ ತುಸು ಇಳಿಸಿ, ತಂಬೂರಿ ತುಸು ಏರಿಸಿದರೆ ಎಷ್ಟೋ ಸಲ ತಾನಾಗಿ ಸರಿಹೋಗುತ್ತದೆ.

ಇನ್ನೊಂದು ವಿಷಯ. ತಂಬೂರಿಯೊಂದೇ ಸಾಲದ ಹಾಡುಗಳಿವೆ. ಕೀಬೋರ್ಡಿನಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಬದಲಾಗುತ್ತಾ ಹೋಗುವ ಭಾವಗೀತೆಯಲ್ಲಿ ಕಿವಿಗೆ ಷಡ್ಜ, ಅಂದರೆ ಆಧಾರ ಸ್ವರ 'ಸ', ಕಾಣೆಯಾದಂತೆ ಆಗುತ್ತದೆ. ಅಂಥ ಕಡೆ ಕೊಳಲಿನಲ್ಲೋ ಹಾರ್ಮೋನಿಯಂನಲ್ಲೋ ಹಾಡಿನ ಧಾಟಿಯನ್ನೇ ಸಣ್ಣಗೆ ನುಡಿಸಿ ಹೆಡ್‌ಫೋನಿಗೆ ಮಾತ್ರ ಬಿಡುತ್ತೇನೆ. ಕೇಳುಗರಿಗೆ ಅದು ಎಂದೂ ಕೇಳಿಸುವುದಿಲ್ಲ.

ಶ್ರುತಿ ಎಷ್ಟು ಅಂತ ಬರುವ ಮೊದಲೇ ಹೇಳಿ. ನೀವು "ಐದೂವರೆ ಮನೆ" ಅನ್ನುವುದನ್ನು ಕೀಬೋರ್ಡಿನವರು "ಜಿ ಶಾರ್ಪ್" ಅನ್ನುತ್ತಾರೆ. ಟ್ರ್ಯಾಕ್ ಒಂದು ಶ್ರುತಿಯಲ್ಲಿ, ಗಂಟಲು ಇನ್ನೊಂದರಲ್ಲಿ ಇದ್ದರೆ ಯಾವ ಹೆಡ್‌ಫೋನೂ ಕಾಪಾಡುವುದಿಲ್ಲ.

"ಎಕೋ ಹಾಕಿ ಕೊಡಿ ಅಂದ್ರೆ ಕೆಲವರು ಮುಖ ಸಿಂಡರಿಸ್ತಾರೆ."

ನೀವು ಕೇಳುತ್ತಿರುವುದು ರಿವರ್ಬ್. ದೇವಸ್ಥಾನದ ಪ್ರಾಂಗಣದಲ್ಲಿ ಹಾಡಿದಾಗ ದನಿಗೆ ಸಿಗುವ ತುಂಬು ಅದು. ನಾನು ಕೊಡುತ್ತೇನೆ. ಒಣ ದನಿ ಕೇಳಿಕೊಂಡು ಹಾಡುವುದು ಉಪ್ಪಿಲ್ಲದ ಸಾರು ಉಂಡಂತೆ. ಅದು ನಿಮ್ಮ ಕಿವಿಗೆ ಮಾತ್ರ ಹೋಗುತ್ತದೆ, ರೆಕಾರ್ಡ್ ಆಗುವುದಿಲ್ಲ. ಆದರೆ ಜಾಸ್ತಿ ಹಾಕಿದರೆ ತಪ್ಪು ಸ್ವರವೂ ಸಿಹಿಯಾಗಿ ಕೇಳಿಸುತ್ತದೆ. ವ್ಯಂಜನಗಳು ಮಸುಕಾಗುತ್ತವೆ, ಒತ್ತಕ್ಷರ ತಿಂದಿದ್ದು ನಿಮಗೇ ತಿಳಿಯುವುದಿಲ್ಲ. ಮುಖ ಸಿಂಡರಿಸುವವರು ಅದಕ್ಕೇ ಹೆದರುವುದು.

"ನಮ್ಮ ಮೃದಂಗದ ಮೇಷ್ಟ್ರು ಕ್ಲಿಕ್ ಅಂದ್ರೆ ಕೋಪ ಮಾಡ್ಕೋತಾರೆ. ಕ್ಲಿಕ್ ಇಲ್ಲದೆ ಆಗಲ್ವಾ?"

ಆಗುತ್ತದೆ. ಕ್ಲಿಕ್ ಅಂದರೆ ಲಯ ತಪ್ಪದಿರಲಿ ಅಂತ ಹೆಡ್‌ಫೋನಿಗೆ ಬಿಡುವ ಟಿಕ್ ಟಿಕ್ ಸದ್ದು. ಎಲ್ಲರೂ ಒಟ್ಟಿಗೆ ಕೂತು ನುಡಿಸುವುದಾದರೆ ಅದು ಬೇಕೇ ಇಲ್ಲ. ಇಂದು ಮೃದಂಗ, ನಾಳೆ ಪಿಟೀಲು, ನಾಡಿದ್ದು ಹಾಡು ಅಂತ ಬಿಡಿಬಿಡಿಯಾಗಿ ಮಾಡುವಾಗ ಮಾತ್ರ ಅದು ಬೇಕಾಗುತ್ತದೆ.

ಮೇಷ್ಟ್ರ ಕೋಪಕ್ಕೆ ಕಾರಣವೂ ಇದೆ. ಕಂಪ್ಯೂಟರ್ ಕೊಡುವ ಕ್ಲಿಕ್ ನಾಲ್ಕು ನಾಲ್ಕಾಗಿ ಟಿಕ್ ಟಾಕ್ ಅನ್ನುತ್ತದೆ. ಇವರು ನುಡಿಸುತ್ತಿರುವುದು ಮಿಶ್ರಛಾಪು, ಏಳು ಅಕ್ಷರ. ಎರಡನೇ ಆವರ್ತಕ್ಕೇ, ಅಂದರೆ ತಾಳದ ಎರಡನೇ ಸುತ್ತಿಗೇ, ಕ್ಲಿಕ್ಕಿನ ಒತ್ತು ಬೇರೆ ಕಡೆ, ತಾಳದ ಒತ್ತು ಬೇರೆ ಕಡೆ. ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ? ಅದಕ್ಕೆ ನಾನು ಕ್ಲಿಕ್ಕನ್ನು ತಾಳಕ್ಕೆ ತಕ್ಕಂತೆ ಕಟ್ಟುತ್ತೇನೆ. ಮಿಶ್ರಛಾಪಿಗೆ ಮೂರು, ಎರಡು, ಎರಡು. ಖಂಡಛಾಪಿಗೆ ಎರಡು, ಮೂರು. ಆದಿ ತಾಳಕ್ಕೆ ಎಂಟಕ್ಕೊಮ್ಮೆ ಸಮದಲ್ಲಿ, ಅಂದರೆ ತಾಳದ ಮೊದಲ ಪೆಟ್ಟಿನಲ್ಲಿ, ಬೇರೆ ಸದ್ದು. ಟಿಕ್ ಸದ್ದಿನ ಬದಲು ನಮ್ಮದೇ ಕೈತಾಳದ ಸದ್ದು ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದೇನೆ. ಮೇಷ್ಟ್ರಿಗೆ ಅದು ಎದುರಿಗೆ ಯಾರೋ ಕೂತು ತಾಳ ಹಾಕಿದಂತೆ.

ಎತ್ತುಗಡೆ ಎಲ್ಲಿ ಅಂತ ಮೊದಲೇ ಕೇಳಿಕೊಳ್ಳಬೇಕು. ಹಾಡು ಸಮದಲ್ಲೇ ಶುರುವಾಗದೆ ಅನಾಗತದಲ್ಲಿ, ಅಂದರೆ ತಾಳ ಶುರುವಾಗಿ ತುಸು ತಡೆದು ಎತ್ತುವುದಾದರೆ, "ಒನ್ ಟೂ ತ್ರೀ ಫೋರ್" ಅಂತ ಎಣಿಸಿ ಬಿಟ್ಟರೆ ಹಾಡುಗಾರರು ಎಡವುತ್ತಾರೆ. ಪೂರ್ತಿ ಎರಡು ಆವರ್ತ ಖಾಲಿ ಕೊಟ್ಟುಬಿಡಿ. ಹಾರ್ಡ್ ಡಿಸ್ಕಿನಲ್ಲಿ ಜಾಗಕ್ಕೇನು ಬರ?

"ತಮಟೆ ತಂಡ ರೆಕಾರ್ಡ್ ಮಾಡಬೇಕು. ಅಷ್ಟು ಸದ್ದಿನಲ್ಲಿ ಹೆಡ್‌ಫೋನ್ ಕೇಳಿಸುತ್ತಾ?"

ನನಗೆ ಬಲು ಇಷ್ಟದ ಪ್ರಶ್ನೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ತಮಟೆ ರೆಕಾರ್ಡ್ ಮಾಡಿಸಬೇಕು ಅನ್ನುವ ಹುಡುಗರು ನಮ್ಮಲ್ಲಿಗೂ ಜಾಸ್ತಿ ಬಂದರು. ಸಂತೋಷದ ವಿಷಯ.

ಕೇಳಿಸುವುದಿಲ್ಲ ಅನ್ನುವುದು ನೇರ ಉತ್ತರ. ತಮಟೆಗಿಂತ ಜೋರಾಗಿ ಹೆಡ್‌ಫೋನ್ ಕೊಟ್ಟರೆ ಕಿವಿ ಹಾಳು. ನಾನು ಮಾಡುವುದು ಹೀಗೆ: ಮುಂದಾಳು ಒಬ್ಬರಿಗೆ ಮಾತ್ರ ಕಿವಿಯೊಳಗೆ ಕೂರುವ ಇಯರ್‌ಫೋನ್ ಕೊಡುತ್ತೇನೆ, ಅದರ ಮೇಲೆ ಕಾರ್ಖಾನೆಯವರು ಹಾಕುವ ಸದ್ದು ತಡೆಯುವ ಕಿವಿಗಾಪು. ಆಗ ಹೊರಗಿನ ಸದ್ದು ಎಷ್ಟೋ ತಗ್ಗುತ್ತದೆ, ಒಳಗಿನ ಕ್ಲಿಕ್ ಸಣ್ಣಗಿದ್ದರೂ ಕೇಳಿಸುತ್ತದೆ. ಉಳಿದವರೆಲ್ಲ ಅವರ ಭುಜ ನೋಡಿಕೊಂಡು ಬಾರಿಸುತ್ತಾರೆ. ಊರಲ್ಲೂ ಅವರು ಹಾಗೇ ತಾನೇ ಬಾರಿಸುವುದು. ಕಣ್ಣು, ಭುಜ, ಹೆಜ್ಜೆ, ಇವೇ ಅವರ ಮಾನಿಟರ್.

ಟಾಕ್‌ಬ್ಯಾಕ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬಾರಿಸುತ್ತಿರುವಾಗ "ನಿಲ್ಲಿಸಿ ಅಣ್ಣಾ" ಅಂದರೆ ಯಾರಿಗೆ ಕೇಳುತ್ತದೆ? ಗಾಜಿನ ಮೇಲೆ ಒಂದು ಕೆಂಪು ಬಲ್ಬ್ ಹಾಕಿದ್ದೇನೆ. ಎರಡು ಸಲ ಮಿಣುಕಿದರೆ ನಿಲ್ಲಿಸಿ ಅಂತ.

ತಮಟೆಯನ್ನು ಬೆಂಕಿಗೆ ಕಾಯಿಸಿದರೇ ಚರ್ಮ ಬಿಗಿದು ಗಣ್ಣನೆ ನುಡಿಯುವುದು. ಸ್ಟುಡಿಯೋದ ಎಸಿಯಲ್ಲಿ ಅದು ಬೇಗ ಸಡಿಲವಾಗುತ್ತದೆ. ಕೆಳಗೆ ಅಂಗಳದಲ್ಲಿ ಒಣ ತೆಂಗಿನ ಗರಿ ಉರಿಸಿ ಕಾಯಿಸಿಕೊಂಡು, ಮೆಟ್ಟಿಲು ಹತ್ತಿ ಬಂದು, ನಿಂತ ಕೂಡಲೇ ರೆಕಾರ್ಡ್ ಆಗಬೇಕು. ಹಾಗಾಗಿ ಅವರು ಹತ್ತಿ ಬರುವ ಮೊದಲೇ ಎಲ್ಲ ಮಾತು ಮುಗಿದಿರಬೇಕು, ಮೈಕ್ ಮಟ್ಟವೂ ಸಿದ್ಧವಿರಬೇಕು. ತಮಟೆ ಹಿಡಿದು ನಿಂತವರ ಮುಂದೆ ಹತ್ತು ನಿಮಿಷ ಗುಂಡಿ ತಿರುಗಿಸುತ್ತಾ ಕೂತರೆ ಅವರು ಮತ್ತೆ ಅಂಗಳಕ್ಕೆ ಇಳಿಯಬೇಕು. ಕೆಳಗಿನ ಮನೆಯವರು ಹೊಗೆ ಅಂತ ಜಗಳಕ್ಕೆ ಬರುವುದು ಬೇರೆ.

"ನಮ್ಮದು ಹನ್ನೆರಡು ಜನರ ಭಜನೆ ತಂಡ. ಎಲ್ಲರಿಗೂ ಹೆಡ್‌ಫೋನ್ ಇದೆಯಾ?"

ಇಲ್ಲ. ಎಂಟು ಇವೆ, ಅದರಲ್ಲಿ ಒಂದರ ವೈರ್ ಯಾವಾಗಲೂ ಕೆಟ್ಟಿರುತ್ತದೆ. ಭಜನೆಯವರಿಗೆ ಹೆಡ್‌ಫೋನ್ ಕೊಟ್ಟರೆ ಒಬ್ಬರ ದನಿಗೆ ಇನ್ನೊಬ್ಬರು ಕಿವಿ ಕೊಡುವುದು ತಪ್ಪಿಹೋಗುತ್ತದೆ. ಹನ್ನೆರಡು ಜನ ಹನ್ನೆರಡು ದ್ವೀಪಗಳಾಗುತ್ತಾರೆ.

ಅವರಿಗೆ ಎರಡು ಸ್ಪೀಕರ್ ಇಡುತ್ತೇನೆ. ಮೈಕ್ ಎರಡಕ್ಕೂ ಸರಿಸಮ ದೂರದಲ್ಲಿ ಇರಬೇಕು. ಎರಡಕ್ಕೂ ಒಂದೇ ಮೋನೋ ಟ್ರ್ಯಾಕ್ ಬಿಟ್ಟು, ಒಂದು ಸ್ಪೀಕರಿನ ಪ್ಲಸ್ ಮೈನಸ್ ವೈರ್ ಅದಲು ಬದಲು ಮಾಡುತ್ತೇನೆ. ಆಗ ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಮೈಕ್ ಇರುವ ಜಾಗದಲ್ಲಿ ಎರಡೂ ಹೊಡೆದುಹೋಗಿ ಟ್ರ್ಯಾಕಿನ ಸದ್ದು ಬಹಳ ಕಮ್ಮಿಯಾಗುತ್ತದೆ. ಪೂರ್ತಿ ಹೋಗುವುದಿಲ್ಲ, ಗೋಡೆಗೆ ಬಡಿದು ಬರುವ ಸದ್ದು ಉಳಿಯುತ್ತದೆ. ಹಾಡುವವರ ಕಿವಿ ಆ ನಡುಗೆರೆಯಲ್ಲಿ ಇರುವುದಿಲ್ಲವಾದ್ದರಿಂದ ಅವರಿಗೆ ಚೆನ್ನಾಗಿಯೇ ಕೇಳಿಸುತ್ತದೆ.

## ಮಾತಿನ ಬಗ್ಗೆ

"ಹಾಡಿ ಮುಗಿಸಿದ ಮೇಲೆ ನೀವ್ಯಾರೂ ಏನೂ ಹೇಳಲ್ಲ. ಚೆನ್ನಾಗಿಲ್ಲ ಅಂತ ಅರ್ಥನಾ?"

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಇಲ್ಲ, ಆ ಅರ್ಥ ಅಲ್ಲ. ಆ ಹೊತ್ತಿನಲ್ಲಿ ನಾವು ಫೈಲ್ ಸೇವ್ ಮಾಡುತ್ತಿರುತ್ತೇವೆ, ಅಥವಾ ಎರಡನೇ ಚರಣ ಮತ್ತೆ ಕೇಳುತ್ತಿರುತ್ತೇವೆ, ಅಥವಾ ಮಧ್ಯಾಹ್ನ ಊಟಕ್ಕೆ ಮುದ್ದೆಯೋ ಅನ್ನವೋ ಅಂತ ಚರ್ಚೆ ನಡೆದಿರುತ್ತದೆ. ನಿಮಗೆ ಕಾಣುವುದು ಗಾಜಿನ ಆಚೆ ನಾಲ್ಕು ತಲೆ ಹತ್ತಿರ ಸೇರಿ ಗುಸುಗುಸು ಅನ್ನುವುದು, ಒಬ್ಬರು ನಗುವುದು. ನಿಮ್ಮ ಕಿವಿಯಲ್ಲಿ ಮಾತ್ರ ಪೂರ್ತಿ ಮೌನ. ಆ ಮೌನದಲ್ಲಿ ಮನಸ್ಸು ಏನೇನೋ ಕಟ್ಟಿಕೊಳ್ಳುತ್ತದೆ.

ನಾನು ಹೊಸದಾಗಿ ಬರುವ ಹುಡುಗರಿಗೆ ಹೇಳುವ ಮೊದಲ ಪಾಠ ಇದು. ಹಾಡು ನಿಂತ ಮೂರು ಎಣಿಸುವುದರೊಳಗೆ ಗುಂಡಿ ಒತ್ತಿ ಏನಾದರೂ ಹೇಳು. ತೀರ್ಪು ಕೊಡಬೇಕಾಗಿಲ್ಲ. "ಬಂತು ಮೇಡಂ, ಒಂದು ನಿಮಿಷ ಕೇಳ್ತೀವಿ" ಅಂದರೆ ಸಾಕು. ಹತ್ತು ನಿಮಿಷವಾಗುವುದಾದರೆ ಹತ್ತು ಅಂತಲೇ ಹೇಳು, ಅವರು ಹೆಡ್‌ಫೋನ್ ತೆಗೆದಿಟ್ಟು ನೀರು ಕುಡಿಯಲಿ.

"ಹಿರಿಯರು ತಪ್ಪು ಹಾಡಿದಾಗ ಟಾಕ್‌ಬ್ಯಾಕಲ್ಲಿ ಹೇಗೆ ಹೇಳೋದು? ನನಗೆ ಇಪ್ಪತ್ಮೂರು ವಯಸ್ಸು."

ಮೊದಲು, ಎದುರಿಗಿದ್ದರೆ ಹೇಗೆ ಕರೆಯುತ್ತೀಯೋ ಹಾಗೇ ಕರಿ. ಮೇಷ್ಟ್ರಾದರೆ ಮೇಷ್ಟ್ರೇ, ಅಕ್ಕ ಆದರೆ ಅಕ್ಕ. ಹೆಡ್‌ಫೋನಿನ ದನಿ ಕಿವಿಯೊಳಗೇ ಬರುತ್ತದೆ, ಅಷ್ಟು ಹತ್ತಿರದಿಂದ ಬರುವ ಮಾತು ತುಸು ಒರಟಾದರೂ ಚುಚ್ಚುತ್ತದೆ.

ಆಮೇಲೆ ಜಾಗ ಹೇಳು. "ಸರಿ ಬರಲಿಲ್ಲ, ಇನ್ನೊಂದು ಸಲ" ಅನ್ನುವಷ್ಟು ನಿರುಪಯೋಗದ ಮಾತು ಇನ್ನೊಂದಿಲ್ಲ. ಏನು ಬದಲಿಸಬೇಕು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? "ಮೇಷ್ಟ್ರೇ, ಅನುಪಲ್ಲವಿ ಎರಡನೇ ಸಾಲಿನ ಕೊನೆಯ ಸಂಗತಿ ಇನ್ನೊಂದು ಸಲ ಬೇಕಿತ್ತು, ಅಲ್ಲಿ ಕುರ್ಚಿ ಸದ್ದು ಬಂದಿದೆ" ಅನ್ನು. ಕುರ್ಚಿ ಸದ್ದು ನಿಜವಾಗಿ ಬಂದಿತ್ತೋ ಇಲ್ಲವೋ ದೇವರಿಗೇ ಗೊತ್ತು. ನಮ್ಮ ಸ್ಟುಡಿಯೋದ ಕುರ್ಚಿಗಳು ಬೇಕಾದಷ್ಟು ಅಪವಾದ ಹೊತ್ತಿವೆ.

ಒಂದು ಸಲಕ್ಕೆ ಒಂದೇ ತಿದ್ದುಪಡಿ. ಮೂರು ಹೇಳಿದರೆ ಮೂರೂ ನೆನಪಿಟ್ಟುಕೊಳ್ಳುವ ಗಡಿಬಿಡಿಯಲ್ಲಿ ಹಾಡೇ ಹಾರಿಹೋಗುತ್ತದೆ.

ನಾಟಕದ ಹಾಡು ಹಾಡಿ ಬಂದವರು ಬಂದರೆ ಬೇರೆ ರೀತಿ. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು, ಅಂಥವರು ಇನ್ನೂ ಇದ್ದಾರೆ. ಕೊನೆಯ ಬೆಂಚಿನವರಿಗೆ ಕೇಳಿಸಬೇಕು ಅಂತ ಕಲಿತ ಗಂಟಲು ಅದು. "ಮೆಲ್ಲಗೆ ಹಾಡಿ" ಅಂದರೆ ಅವರಿಗೆ ಹಾಡಲಾಗುವುದಿಲ್ಲ. ಅವರನ್ನು ಬಿಟ್ಟು ಮೈಕನ್ನು ಮೂರಡಿ ಹಿಂದಕ್ಕೆ ಸರಿಸು.

"ಹಾಡು ಬರೆದವರು ಒಂದು, ಸಂಗೀತದವರು ಒಂದು, ದುಡ್ಡು ಹಾಕಿದವರು ಒಂದು ಹೇಳ್ತಾರೆ. ಯಾರ ಮಾತು ಕೇಳಲಿ?"

ನಮ್ಮಲ್ಲಿ ಗುಂಡಿ ಒಬ್ಬರ ಕೈಲಿ. ಉಳಿದವರು ಚೀಟಿಯಲ್ಲಿ ಬರೆದು ಅವರಿಗೆ ಕೊಡಬೇಕು. ದುಡ್ಡು ಹಾಕಿದವರಿಗೂ ಇದೇ ನಿಯಮ. ಅವರಿಗೆ ಹಿಂದಿನ ಸೋಫಾ, ಎರಡು ಸಲ ಟೀ.

"ಟಾಕ್‌ಬ್ಯಾಕ್ ಆಫ್ ಆಗಿದೆ ಅಂದುಕೊಂಡು ಏನೋ ಅಂದುಬಿಟ್ಟೆ. ಈಗ ಏನು ಮಾಡಲಿ?"

ಹೋಗಿ ಕ್ಷಮೆ ಕೇಳಿ. ಟಾಕ್‌ಬ್ಯಾಕಲ್ಲಿ ಅಲ್ಲ, ಬಾಗಿಲು ತೆಗೆದು ಒಳಗೆ ಹೋಗಿ, ಎದುರು ನಿಂತು.

ನನಗೂ ಆಗಿದೆ. ಕೆಲಸ ಕಲಿಯುತ್ತಿದ್ದಾಗ ಬೇರೊಂದು ಸ್ಟುಡಿಯೋದಲ್ಲಿದ್ದೆ. ಅಲ್ಲಿಯ ಗುಂಡಿ ಒಮ್ಮೆ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್. ಎರಡನೇ ಸಲ ಒತ್ತಲು ಮರೆತೆ. "ಇವರಿಗೆ ತಾಳ ಯಾರು ಕಲಿಸಿದ್ರೋ" ಅಂತ ಪಕ್ಕದವನಿಗೆ ಹೇಳಿ ನಕ್ಕೆ. ಒಳಗಿದ್ದವರು ಐವತ್ತು ದಾಟಿದ ಹೆಂಗಸು. ಹೆಡ್‌ಫೋನ್ ತೆಗೆದು ಸ್ಟ್ಯಾಂಡಿಗೆ ನೇತುಹಾಕಿ, "ನಮ್ಮ ಅಪ್ಪ ಕಲಿಸಿದ್ದು" ಅಂದರು. ಆ ಹಾಡು ಅವತ್ತು ಮುಗಿಯಲಿಲ್ಲ, ಆಮೇಲೂ ಮುಗಿಯಲಿಲ್ಲ. ನಮ್ಮ ಸ್ಟುಡಿಯೋದಲ್ಲಿ ಒತ್ತಿ ಹಿಡಿದರೆ ಮಾತ್ರ ಆನ್ ಆಗುವ ಗುಂಡಿಯೇ ಇರುವುದಕ್ಕೆ ಕಾರಣ ಅದು.

"ಬಿಟ್ಟ ಸಾಲು ಮಾತ್ರ ಹಾಡಿ ಅಂತೀರಿ. ಎಲ್ಲಿಂದ ಎತ್ತಬೇಕು ಅಂತ ತಿಳಿಯಲ್ಲ."

ಇದಕ್ಕೆ ಪಂಚ್ ಇನ್ ಅನ್ನುತ್ತಾರೆ. ಹಿಂದಿನ ಎರಡು ಸಾಲು ನಿಮ್ಮದೇ ದನಿಯಲ್ಲಿ ಕೇಳಿಸುತ್ತೇನೆ. ಅದರ ಜೊತೆಗೇ ಹಾಡುತ್ತಾ ಬನ್ನಿ, ಸುಮ್ಮನೆ ಕಾಯಬೇಡಿ. ರೆಕಾರ್ಡ್ ಯಾವಾಗ ಶುರುವಾಯಿತು ಅಂತ ನಿಮಗೆ ಗೊತ್ತಾಗಬಾರದು, ಆಗಲೇ ಉಸಿರೂ ಭಾವವೂ ಹೊಂದಿಕೊಳ್ಳುವುದು. "ಒಂದು ನಿಮಿಷ ನಲವತ್ತೆರಡು ಸೆಕೆಂಡಿನಿಂದ" ಅಂತ ನಿಮಗೆ ಹೇಳುವ ಎಂಜಿನಿಯರ್ ಸಿಕ್ಕರೆ, ಸಾಲು ಹೇಳಪ್ಪಾ ಅನ್ನಿ. ಸಾಹಿತ್ಯದ ಒಂದು ಪ್ರತಿ ನಮಗೂ ಕೊಡಿ, ಸಾಲುಗಳಿಗೆ ನಂಬರ್ ಹಾಕಿ.

"ನಮ್ಮ ಕಡೆ ಮನೆಮಾತು ತೆಲುಗು. ಟಾಕ್‌ಬ್ಯಾಕಲ್ಲಿ ಕನ್ನಡದಲ್ಲೇ ಮಾತಾಡಬೇಕಾ?"

ಅಯ್ಯೋ ಇಲ್ಲ. ಪಾವಗಡ, ಚಿಂತಾಮಣಿ, ಮುಳಬಾಗಿಲು ಕಡೆಯವರು ಬಂದರೆ ಒಂದೇ ವಾಕ್ಯದಲ್ಲಿ ಎರಡೂ ಬರುತ್ತವೆ. ಕೈವಾರ ತಾತಯ್ಯನವರ ಪದಗಳೇ ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಎಷ್ಟೋ ಜನ ತೆಲುಗು ಪದವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬರುತ್ತಾರೆ. ನನ್ನ ತೆಲುಗು ಅಷ್ಟಕ್ಕಷ್ಟೇ. "ಇಂಕೊಕ್ಕ ಸಾರಿ ಅಣ್ಣಾ" ಅಂದರೆ ಆ ಕಡೆಯಿಂದ ನಗು ಬರುತ್ತದೆ, ಮುಂದಿನ ಟೇಕ್ ಚೆನ್ನಾಗಿ ಬರುತ್ತದೆ.

## ಮನೆಯಲ್ಲೇ ಸ್ಟುಡಿಯೋ ಮಾಡಿಕೊಂಡವರಿಗೆ

"ಟಾಕ್‌ಬ್ಯಾಕ್‌ಗೆ ಅಂತ ಏನು ಕೊಳ್ಳಬೇಕು?"

ಒಂದೇ ಕೋಣೆಯಾದರೆ ಏನೂ ಬೇಡ, ಹೆಡ್‌ಫೋನ್ ತೆಗೆದು ಮಾತಾಡಿ. ಎರಡು ಕೋಣೆಯಾದರೆ ಯಾವುದಾದರೂ ಹಳೆಯ ಡೈನಾಮಿಕ್ ಮೈಕ್, ಸಭೆಗಳಲ್ಲಿ ಬಳಸುವಂಥದ್ದು, ಸಾಕು. ಅದನ್ನು ಇಂಟರ್‌ಫೇಸಿನ, ಅಂದರೆ ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆಯ, ಎರಡನೇ ಇನ್‌ಪುಟ್‌ಗೆ ಹಾಕಿ, ಹೆಡ್‌ಫೋನಿಗೆ ಮಾತ್ರ ಕಳಿಸಿ, ನಿಮ್ಮ ಸ್ಪೀಕರಿಗೆ ಕಳಿಸಬೇಡಿ. ಮೈಕಿನ ಮೇಲೇ ಆನ್ ಆಫ್ ಸ್ವಿಚ್ ಇದ್ದರೆ ಇನ್ನೂ ಸುಲಭ. ಟಾಕ್‌ಬ್ಯಾಕ್ ಮಟ್ಟ ಹಾಡಿಗಿಂತ ತುಸು ಕಮ್ಮಿಯೇ ಇರಲಿ. ತಲ್ಲೀನರಾಗಿ ನಿಂತವರ ಕಿವಿಯಲ್ಲಿ ಢಮ್ ಅಂತ ದನಿ ಬಿದ್ದರೆ ಬೆಚ್ಚಿಬೀಳುತ್ತಾರೆ.

"ಹಾಡಿದ್ದು ಒಂದು ಕ್ಷಣ ತಡವಾಗಿ ಕಿವಿಗೆ ಬರುತ್ತೆ. ಕಂಪ್ಯೂಟರ್ ಹಳೇದಾ?"

ಬಹುಶಃ ಬಫರ್ ದೊಡ್ಡದಾಗಿದೆ. ಕಂಪ್ಯೂಟರ್ ಸದ್ದನ್ನು ಕಂತು ಕಂತಾಗಿ ಕೂಡಿಟ್ಟು ಕೆಲಸ ಮಾಡುತ್ತದೆ, ಆ ಕಂತಿನ ಗಾತ್ರವೇ ಬಫರ್. ಲೆಕ್ಕ ಸುಲಭ: ಬಫರ್ ಸಂಖ್ಯೆಯನ್ನು ಸ್ಯಾಂಪಲ್ ರೇಟಿನಿಂದ, ಅಂದರೆ ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯುತ್ತದೆ ಅನ್ನುವ ಸಂಖ್ಯೆಯಿಂದ, ಭಾಗಿಸಿ. 48,000 ರೇಟಿನಲ್ಲಿ 512 ಬಫರ್ ಇಟ್ಟರೆ ಸುಮಾರು 10.7 ಮಿಲಿಸೆಕೆಂಡ್. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ, ಹೀಗೆ 21 ದಾಟುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ನಿಮ್ಮ ದನಿ ಏಳು ಮೀಟರ್ ದೂರದಿಂದ ಬಂದಂತೆ. ವೇಗದ ತಬಲಾ ನುಡಿಸುವವರಿಗೆ ಇದರಲ್ಲಿ ಕೆಲಸ ಮಾಡಲು ಆಗುವುದಿಲ್ಲ. ರೆಕಾರ್ಡ್ ಮಾಡುವಾಗ 128ಕ್ಕೆ ಇಳಿಸಿ, ಆಗ ಒಂದು ದಾರಿಗೆ 2.7 ಅಷ್ಟೆ. ಮಿಕ್ಸ್ ಮಾಡುವಾಗ ಮತ್ತೆ ಏರಿಸಿಕೊಳ್ಳಿ.

ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಅನ್ನುವ ಗುಂಡಿ ಇದ್ದರೆ ಅದನ್ನೇ ಬಳಸಿ. ದನಿ ಕಂಪ್ಯೂಟರಿಗೆ ಹೋಗಿ ಬರುವ ಗೋಜಿಲ್ಲದೆ ನೇರ ಕಿವಿಗೆ ಬರುತ್ತದೆ. ಆಗ ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರ್ ಆಫ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ದನಿ ಎರಡೆರಡು ಸಲ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ. ಅದರ ತಡ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೂ ಜಾಸ್ತಿ.

"ಒಂದೇ ಜ್ಯಾಕಿಗೆ ಎರಡು ಹೆಡ್‌ಫೋನ್ ಹಾಕಬಹುದಾ?"

ಎರಡೂ ಒಂದೇ ಕಂಪನಿಯ ಒಂದೇ ಮಾಡೆಲ್ ಆದರೆ ನಡೆಯುತ್ತದೆ. 32 ಓಮ್‌ನದೂ 250 ಓಮ್‌ನದೂ (ಓಮ್ ಅಂದರೆ ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಒಟ್ಟಿಗೆ ಹಾಕಿದರೆ ಸಾಮಾನ್ಯವಾಗಿ ಒಬ್ಬರಿಗೆ ಕಿವಿ ಹರಿಯುತ್ತದೆ, ಇನ್ನೊಬ್ಬರಿಗೆ ಏನೂ ಕೇಳಿಸುವುದಿಲ್ಲ. ನಾಲ್ಕು ಜ್ಯಾಕಿನ ಚಿಕ್ಕ ಹೆಡ್‌ಫೋನ್ ಆಂಪ್ಲಿಫೈಯರ್ ತೆಗೆದುಕೊಳ್ಳಿ. ಪ್ರತಿಯೊಬ್ಬರಿಗೂ ಅವರದೇ ವಾಲ್ಯೂಮ್ ಗುಂಡಿ ಸಿಕ್ಕರೆ ಅರ್ಧ ಜಗಳ ಮುಗಿಯಿತು.

## ಇನ್ನೂ ಒಳಕ್ಕೆ ಇಳಿದವರಿಗೆ

"ನಾನು ಮಿಕ್ಸ್ ಸರಿ ಮಾಡುವಾಗಲೆಲ್ಲ ಹಾಡುಗಾರರು 'ಏನೋ ಬದಲಾಯ್ತು' ಅಂತ ನಿಲ್ಲಿಸ್ತಾರೆ."

ಹೆಡ್‌ಫೋನಿಗೆ ಹೋಗುವ ಸೆಂಡನ್ನು (ಅಲ್ಲಿಗೆ ಸದ್ದು ಕಳಿಸುವ ದಾರಿಯನ್ನು) ಪ್ರೀ-ಫೇಡರ್ ಮಾಡಿ, ಅಂದರೆ ಮಟ್ಟ ಏರಿಸಿ ಇಳಿಸುವ ಫೇಡರಿಗಿಂತ ಮೊದಲೇ ಸದ್ದು ತೆಗೆದುಕೊಳ್ಳಲಿ. ಪೋಸ್ಟ್-ಫೇಡರ್ ಇದ್ದರೆ ನೀವು ಫೇಡರ್ ಮುಟ್ಟಿದ್ದೆಲ್ಲ ಅವರ ಕಿವಿಗೂ ಹೋಗುತ್ತದೆ. ಪಿಟೀಲನ್ನು ಸೋಲೋ ಮಾಡಿ, ಅಂದರೆ ಉಳಿದದ್ದೆಲ್ಲ ಬಂದ್ ಮಾಡಿ, ಕೇಳಿದಾಗ ಅವರ ಕಿವಿಯಲ್ಲಿ ಶ್ರುತಿ ಮಾಯವಾಗದಂತೆಯೂ ನೋಡಿಕೊಳ್ಳಿ. ಹಾಡುಗಾರರ ಮಿಕ್ಸ್ ಒಂದು ಸಲ ಒಪ್ಪಿಗೆಯಾದ ಮೇಲೆ ಅವರನ್ನು ಕೇಳದೆ ಮುಟ್ಟಬಾರದು. ನಾನು ಅದೇ ಮಿಕ್ಸನ್ನು ಆಗಾಗ ನನ್ನ ಹೆಡ್‌ಫೋನಿನಲ್ಲೂ ಕೇಳುತ್ತೇನೆ, ಅವರ ಮಟ್ಟದಲ್ಲೇ. ಎಷ್ಟೋ ಸಲ "ಇದರಲ್ಲಿ ಹೇಗಪ್ಪಾ ಹಾಡಿದ್ರು" ಅನ್ನಿಸಿದೆ.

"ನಿಧಾನದ ಹಾಡಿನಲ್ಲಿ ಕ್ಲಿಕ್ ಸೋರಿ ರೆಕಾರ್ಡ್ ಆಗುತ್ತೆ."

ಹಿಂಬದಿ ಮುಚ್ಚಿದ ಹೆಡ್‌ಫೋನ್ ಕೊಡಿ. ಕಿವಿಯೋಲೆ, ಕನ್ನಡಕದ ಕಡ್ಡಿ ಅಡ್ಡ ಬಂದು ಸಂದಿ ಬಿಟ್ಟಿದೆಯೇ ನೋಡಿ. ಟಿಕ್ ಅನ್ನುವ ಚೂಪು ಸದ್ದು ಜಾಸ್ತಿ ಸೋರುತ್ತದೆ, ಮೆತ್ತನೆಯ ಮರದ ಸದ್ದು ಹಾಕಿ. ಕೊನೆಯ ಸ್ವರ ಎಳೆದು ಬಿಡುವಲ್ಲಿ ಕ್ಲಿಕ್ ತಾನಾಗಿ ನಿಲ್ಲುವಂತೆ ಆಟೊಮೇಷನ್ ಬರೆಯಿರಿ. ಕೆಟ್ಟದಾಗಿ ಕೇಳಿಸುವುದು ಅಲ್ಲಿಯೇ.

"ಲಿಸನ್ ಮೈಕ್ ಅಂದ್ರೇನು? ಟಾಕ್‌ಬ್ಯಾಕೇ ತಾನೇ?"

ಅದು ತಿರುಗಿದ ಟಾಕ್‌ಬ್ಯಾಕ್. ವಾದಕರ ಮೈಕ್ ವಾದ್ಯದ ಹತ್ತಿರ ಇರುತ್ತದೆ, ಅವರು ಆಡಿದ ಮಾತು ಅದಕ್ಕೆ ಸರಿಯಾಗಿ ಬೀಳುವುದಿಲ್ಲ. ಅದಕ್ಕೆ ಕೋಣೆಯ ಮೇಲೆ ಒಂದು ಮೈಕ್ ನೇತುಹಾಕಿ, ಬಿಗಿಯಾದ ಕಂಪ್ರೆಸರ್ ಹಾಕಿರುತ್ತಾರೆ. ಪಿಸುಮಾತು ದೊಡ್ಡದಾಗುತ್ತದೆ, ಜೋರು ಸದ್ದು ಚಿಕ್ಕದಾಗುತ್ತದೆ.

ಇದರ ಹಿಂದೆ ಒಂದು ಒಳ್ಳೆಯ ಕಥೆ ಇದೆ. 1979ರಲ್ಲಿ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಹ್ಯೂ ಪ್ಯಾಡ್ಗಮ್ ಎಂಜಿನಿಯರ್, ಫಿಲ್ ಕಾಲಿನ್ಸ್ ಡ್ರಮ್ಸ್. ಫಿಲ್ ಬಾರಿಸುತ್ತಿದ್ದಾಗ ಲಿಸನ್ ಮೈಕ್ ಆನ್ ಆಗಿತ್ತು. ಆ ಕಂಪ್ರೆಸರಿನಲ್ಲಿ ಹಿಂಡಿ ಬಂದ ಡ್ರಮ್ಸ್ ಸದ್ದು ಕೇಳಿ ಎಲ್ಲರೂ ದಂಗಾದರು. ಆದರೆ ಲಿಸನ್ ಮೈಕನ್ನು ರೆಕಾರ್ಡ್ ಮಾಡುವ ದಾರಿಯೇ ಕನ್ಸೋಲಿನಲ್ಲಿ ಇರಲಿಲ್ಲ. ಆಮೇಲೆ ವೈರ್ ಬದಲಿಸಿಕೊಂಡರು. 80ರ ದಶಕದ ಸಿನಿಮಾ ಹಾಡುಗಳಲ್ಲಿ ಡಬ್ ಎಂದು ಬಡಿದು ಥಟ್ಟನೆ ನಿಲ್ಲುವ ಆ ಡ್ರಮ್ ಸದ್ದು ಇದೆಯಲ್ಲ, ಅದರ ಮೂಲ ಮಾತು ಕೇಳಿಸಿಕೊಳ್ಳಲು ಇಟ್ಟ ಮೈಕ್.

ನಮ್ಮಲ್ಲಿ ಅದು ಎರಡು ಸಾವಿರ ರೂಪಾಯಿ ಒಳಗಿನ ಮೈಕ್. ಕೆಲಸ ಮಾಡುತ್ತದೆ.

"ಹೆಡ್‌ಫೋನ್ ಎಷ್ಟು ಜೋರಿದ್ದರೆ ಅಪಾಯ?"

ಅಮೆರಿಕದ ಕೆಲಸಗಾರರ ಸುರಕ್ಷತೆಯ ಸಂಸ್ಥೆ ನಿಯೋಷ್ ಕೊಟ್ಟ ಮಿತಿ 85 ಡೆಸಿಬೆಲ್, ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 94ಕ್ಕೆ ಒಂದೇ ಗಂಟೆ, 100ಕ್ಕೆ ಕಾಲು ಗಂಟೆ. ಹೆಡ್‌ಫೋನ್ ಕೈಯಲ್ಲಿ ಹಿಡಿದಾಗಲೂ ಸಾಹಿತ್ಯ ಸ್ಪಷ್ಟವಾಗಿ ಕೇಳಿಸಿದರೆ ಅದು ಜಾಸ್ತಿಯೇ ಅಂತ ನಾನು ಇಳಿಸುತ್ತೇನೆ. ಯಾರಾದರೂ ಹೆಡ್‌ಫೋನ್ ಹಾಕಿರುವಾಗ ವೈರ್ ಕೀಳುವುದು, ಫ್ಯಾಂಟಮ್ ಪವರ್ (ಮೈಕಿಗೆ ವೈರಿನಲ್ಲೇ ಕರೆಂಟ್ ಕೊಡುವ ಗುಂಡಿ) ಒತ್ತುವುದು ಮಾಡಬೇಡಿ. ಮೊದಲು ಅವರ ವಾಲ್ಯೂಮ್ ಸೊನ್ನೆಗೆ.

"ಸಂಗೀತ ನಿರ್ದೇಶಕರು ಬೆಂಗಳೂರಲ್ಲಿ, ನಾನು ತುಮಕೂರಲ್ಲಿ. ಅವರು ಫೋನಲ್ಲೇ ಹೇಳ್ತಾ ರೆಕಾರ್ಡ್ ಮಾಡಬಹುದಾ?"

ಮಾಡುತ್ತಿದ್ದೇವೆ. ವಿಡಿಯೋ ಕರೆಯ ದನಿಯನ್ನು ಟಾಕ್‌ಬ್ಯಾಕಿನ ದಾರಿಯಲ್ಲೇ ಹಾಡುಗಾರರ ಕಿವಿಗೆ ಬಿಡುತ್ತೇನೆ, ಹಾಡುಗಾರರ ದನಿಯನ್ನು ಕರೆಗೆ ಕಳಿಸುತ್ತೇನೆ. ನಿರ್ದೇಶಕರಿಗೆ ಅವರದೇ ದನಿ ವಾಪಸ್ ಹೋಗದಂತೆ ಬೇರೆ ಮಿಕ್ಸ್ ಮಾಡಬೇಕು, ಇಲ್ಲದಿದ್ದರೆ ಮಾತಿಗೆ ಮಾತು ಮಾರ್ದನಿ. ಎಪ್ಪತ್ತು ಕಿಲೋಮೀಟರ್ ಅಂತ ತಡ ಕಮ್ಮಿಯಾಗುವುದಿಲ್ಲ, ಕರೆ ಎಲ್ಲೆಲ್ಲೋ ಸುತ್ತಿ ಬರುತ್ತದೆ. ಹಾಗಾಗಿ ಅವರು ಆಚೆಯಿಂದ ತಾಳ ಹಾಕಿಕೊಡುವುದು, ಜೊತೆಗೆ ಹಾಡಿ ತೋರಿಸುವುದು ಬೇಡ. ಹಾಡು ನಡೆಯುವಾಗ ಅವರ ಕಡೆ ಮ್ಯೂಟ್, ನಿಂತ ಮೇಲೆ ಮಾತು.

ಕರೆಂಟ್ ಹೋದರೆ ಯುಪಿಎಸ್ಸಿನಲ್ಲಿ ಕಂಪ್ಯೂಟರ್ ಉಳಿಯುತ್ತದೆ, ವೈಫೈ ಪೆಟ್ಟಿಗೆ ಸತ್ತುಹೋಗುತ್ತದೆ. ನಿರ್ದೇಶಕರ ಮಾತು ಅರ್ಧಕ್ಕೆ ನಿಂತು ಹಾಡುಗಾರರು ಗಾಬರಿಯಾಗುತ್ತಾರೆ. ಆ ಪೆಟ್ಟಿಗೆಯನ್ನೂ ಯುಪಿಎಸ್ಸಿಗೇ ಸೇರಿಸಿ.